ಮಗಳು ನಗೋಯಾಕ್ಕೆ ಹೊರಟಿದ್ದಾಳೆ: ಅಲ್ಲಿನ ದಿನನಿತ್ಯದ ಬದುಕು ಹೇಗಿರುತ್ತದೆ?

ನಾಪೋಕ್ಲು ಬೆಳೆಗಾರ

ಎಲ್ಲರಿಗೂ ನಮಸ್ಕಾರ. ನಾನು ಕೊಡಗಿನ ನಾಪೋಕ್ಲು ಸಮೀಪದ ಕಾಫಿ ಬೆಳೆಗಾರ. ನನ್ನ ಮಗಳಿಗೆ ಜಪಾನಿನ ನಗೋಯಾ ನಗರದಲ್ಲಿ, ವಾಹನಗಳ ಬಿಡಿಭಾಗ ತಯಾರಿಸುವ ಕಂಪನಿಯೊಂದರಲ್ಲಿ ಎಂಜಿನಿಯರ್ ಕೆಲಸ ಸಿಕ್ಕಿದ್ದು, ಏಪ್ರಿಲ್ ಮೊದಲ ವಾರ ಹೊರಡಬೇಕಾಗಿದೆ. ವೀಸಾ, ವಿಮಾನದ ಟಿಕೆಟ್, ಮೊದಲ ಎರಡು ತಿಂಗಳ ವಸತಿ ಎಲ್ಲವನ್ನೂ ಕಂಪನಿಯವರೇ ನೋಡಿಕೊಳ್ಳುವುದರಿಂದ ಆ ಬಗ್ಗೆ ನನ್ನ ಪ್ರಶ್ನೆಯಿಲ್ಲ. ನಾನು ತಿಳಿಯಬಯಸುವುದು ಆ ಎರಡು ತಿಂಗಳ ನಂತರದ ಬದುಕಿನ ಬಗ್ಗೆ. ಮನೆ ಹುಡುಕುವುದು, ಅಡುಗೆ, ಕಚೇರಿಗಳ ಓಡಾಟ, ನೆರೆಹೊರೆಯವರು, ಕಾಯಿಲೆ ಬಿದ್ದರೆ ಏನು ಮಾಡಬೇಕು ಎಂಬುದು, ಹೀಗೆ ಯಾವ ಕರಪತ್ರದಲ್ಲೂ ಸರಿಯಾಗಿ ಬರೆದಿರದ ಸಂಗತಿಗಳು.

ಮಗಳು ಬೆಂಗಳೂರಿನಲ್ಲಿ ಒಂದೂವರೆ ವರ್ಷ ಜಪಾನಿ ಭಾಷೆ ಕಲಿತು ಅದರ ಎನ್4 ಮಟ್ಟದ ಪರೀಕ್ಷೆ ಪಾಸು ಮಾಡಿದ್ದಾಳೆ. ಕೇಳಿದರೆ "ಎಲ್ಲ ಆಗುತ್ತದೆ ಅಪ್ಪ, ನೀವು ಯೋಚನೆ ಮಾಡಬೇಡಿ" ಎನ್ನುತ್ತಾಳೆ. ಅವಳ ಅಮ್ಮನಾದರೋ ಪ್ರತಿ ಸಂಜೆ ಪೆಟ್ಟಿಗೆಗೆ ಒಂದೊಂದು ವಸ್ತು ಸೇರಿಸುತ್ತಲೇ ಇದ್ದಾಳೆ. ಸದ್ಯ ಅದರಲ್ಲಿ ಎರಡು ಕುಕ್ಕರ್, ಒಂದು ಮಿಕ್ಸಿ, ನೂಪುಟ್ಟು (ಒತ್ತು ಶ್ಯಾವಿಗೆ) ಒತ್ತುವ ಒರಳು, ಕಾಚಂಪುಳಿ (ನಮ್ಮ ಕಪ್ಪು ಹುಳಿರಸ), ಕಾಫಿಪುಡಿ ಮತ್ತು ದೊಡ್ಡ ಡಬ್ಬಿಯಲ್ಲಿ ಹಂದಿ ಮಾಂಸದ ಉಪ್ಪಿನಕಾಯಿ ಇವೆ. ಇವುಗಳಲ್ಲಿ ಯಾವುದನ್ನು ತೆಗೆಯಬೇಕು, ಯಾವುದನ್ನು ಉಳಿಸಬೇಕು ಎಂಬುದೂ ನಮ್ಮ ಮನೆಯಲ್ಲಿ ಈಗ ದೊಡ್ಡ ಚರ್ಚೆಯಾಗಿದೆ. ಅಲ್ಲಿ ಬಾಳಿದವರು ದಯವಿಟ್ಟು ತಿಳಿಸಬೇಕು.

ಗೋಣಿಕೊಪ್ಪದವಳು, ಈಗ ನಗೋಯಾ

ಅಂಕಲ್, ನಮಸ್ಕಾರ. ನಾನು ಏಳು ವರ್ಷದಿಂದ ಇದೇ ನಗರದಲ್ಲಿದ್ದೇನೆ. ಮೊದಲು ಹೆಸರಿನ ವಿಷಯ ಹೇಳಿಬಿಡುತ್ತೇನೆ, ಏಕೆಂದರೆ ಅದನ್ನು ಯಾರೂ ಮುಂಚಿತವಾಗಿ ಹೇಳುವುದಿಲ್ಲ. ಜಪಾನಿನಲ್ಲಿ ನಮ್ಮ ಕೊಡವರ ಹಾಗೆಯೇ ಮನೆ ಹೆಸರು ಮೊದಲು ಬರುತ್ತದೆ, ಸ್ವಂತ ಹೆಸರು ಆಮೇಲೆ. ಕೋದಂಡೇರ ಮಾದಪ್ಪ ಕಾರ್ಯಪ್ಪ ಎಂದರೆ ಇವರಿಗೆ ಕ್ರಮ ಸರಿಯಾಗಿಯೇ ಕೇಳಿಸುತ್ತದೆ. ಆದರೆ ನಮ್ಮ ಪಾಸ್‌ಪೋರ್ಟುಗಳಲ್ಲಿ ಕೆಲವರದು ಮನೆ ಹೆಸರು, ಕೆಲವರದು ಅಪ್ಪನ ಹೆಸರು, ಇನ್ನು ಕೆಲವರದು ಬರೀ ಇನಿಶಿಯಲ್ ಇರುತ್ತದೆ. ಇಲ್ಲಿನ ಗುರುತಿನ ಕಾರ್ಡಿನಲ್ಲಿ ಪಾಸ್‌ಪೋರ್ಟಿನ ಹೆಸರೇ ಅಕ್ಷರಶಃ ಅಚ್ಚಾಗುತ್ತದೆ. ಬ್ಯಾಂಕಿನವರು ಅದನ್ನು ವಿದೇಶಿ ಹೆಸರುಗಳನ್ನು ಬರೆಯುವ ಕತಕಾನ ಲಿಪಿಗೆ ಇಳಿಸುತ್ತಾರೆ. ಒಂದು ಕಡೆ ಒಂದು ರೀತಿ, ಇನ್ನೊಂದು ಕಡೆ ಇನ್ನೊಂದು ರೀತಿ ಬರೆದುಕೊಂಡರೆ ಸಂಬಳ ಜಮೆಯಾಗುವುದಕ್ಕೂ ತೊಡಕಾಗುತ್ತದೆ. ಆದ್ದರಿಂದ ಮಗಳು ತನ್ನ ಹೆಸರಿನ ಕತಕಾನ ರೂಪವನ್ನು ಮೊದಲ ದಿನವೇ ನಿಶ್ಚಯಿಸಿಕೊಂಡು ಎಲ್ಲೆಡೆ ಅದನ್ನೇ ಬರೆಯಲಿ.

ನಗೋಯಾದ ಚೂಬು ವಿಮಾನ ನಿಲ್ದಾಣದಲ್ಲಿ ಇಳಿದರೆ ಅಲ್ಲಿಯೇ ನಿವಾಸಿ ಕಾರ್ಡ್ ಕೈಗೆ ಕೊಡುತ್ತಾರೆ. ವಾಸದ ಸ್ಥಳ ಗೊತ್ತಾದ 14 ದಿನದೊಳಗೆ ವಾರ್ಡ್ ಕಚೇರಿಗೆ ಹೋಗಿ ವಿಳಾಸ ನೋಂದಾಯಿಸಬೇಕು. ಕಾರ್ಡಿನ ಹಿಂಬದಿಯಲ್ಲಿ ಅದನ್ನು ಮುದ್ರಿಸಿ ಕೊಡುತ್ತಾರೆ. ಮನೆ ಬದಲಿಸಿದಾಗಲೂ ಇದೇ ಕ್ರಮ. ಕೆಲಸ ಬದಲಿಸಿದರೆ ವಲಸೆ ಇಲಾಖೆಗೂ 14 ದಿನದೊಳಗೆ ತಿಳಿಸಬೇಕು, ಇದನ್ನು ಮರೆಯುವವರು ಬಹಳ. ಆ ಕಾರ್ಡ್ ಯಾವಾಗಲೂ ಜೊತೆಯಲ್ಲಿರಬೇಕೆಂಬುದು ಕಾನೂನು. ಮನೆ ಮುಂದಿನ ಅಂಗಡಿಗೆ ಹಾಲು ತರಲು ಹೋಗುವಾಗಲೂ ನಾನು ಒಯ್ಯುತ್ತೇನೆ.

ಕಚೇರಿಗಳ ಬಗ್ಗೆ ಭಯ ಬೇಡ. ಚೀಟಿ ತೆಗೆದುಕೊಂಡು ಕುಳಿತರೆ ಸರದಿ ತಪ್ಪುವುದಿಲ್ಲ, ಯಾರೂ "ನಾಳೆ ಬಾ" ಎನ್ನುವುದಿಲ್ಲ. ಆದರೆ ಫಾರಂನಲ್ಲಿ ಒಂದು ಅಂಕಿ ತಪ್ಪಿದರೂ ಮೊದಲಿನಿಂದ ಬರೆಸುತ್ತಾರೆ. ಭಾಷೆ ಅರ್ಥವಾಗದಿದ್ದರೆ ನಗೋಯಾ ರೈಲು ನಿಲ್ದಾಣದ ಹತ್ತಿರದ ನಗೋಯಾ ಅಂತರರಾಷ್ಟ್ರೀಯ ಕೇಂದ್ರಕ್ಕೆ ಹೋಗಬಹುದು. ಅಲ್ಲಿ ಹಲವು ಭಾಷೆಗಳಲ್ಲಿ ಸಲಹೆ ದೊರೆಯುತ್ತದೆ.

ಇನ್ನು ಕಸ. ನಗುತ್ತೀರೇನೋ, ಆದರೆ ಇಲ್ಲಿ ನೆರೆಯವರ ಜೊತೆಗಿನ ಸಂಬಂಧ ಕೂಡುವುದೂ ಕೆಡುವುದೂ ಕಸದ ಚೀಲದಿಂದಲೇ. ಈ ನಗರಕ್ಕೆ ಅದರ ಹಿಂದೆ ಒಂದು ಕಥೆಯೂ ಇದೆ. ಫುಜಿಮಾಯೆ ಎಂಬ ಕರಾವಳಿಯ ಜವುಗು ಪ್ರದೇಶದಲ್ಲಿ ಕಸ ಸುರಿಯುವ ಯೋಜನೆಯಿತ್ತು. ವಲಸೆ ಹಕ್ಕಿಗಳು ಇಳಿಯುವ ಜಾಗವೆಂದು ವಿರೋಧ ಬಂದಾಗ ನಗರಾಡಳಿತ ಅದನ್ನು ಕೈಬಿಟ್ಟು, 1999ರ ಫೆಬ್ರುವರಿಯಲ್ಲಿ ಕಸದ ತುರ್ತುಸ್ಥಿತಿಯನ್ನೇ ಘೋಷಿಸಿತು. ಮರುವರ್ಷದಿಂದ ಮನೆಮನೆಯಲ್ಲೂ ವಿಂಗಡಣೆ ಬಿಗಿಯಾಯಿತು. ಆ ಜವುಗು ಪ್ರದೇಶ 2002ರಲ್ಲಿ ಜಗತ್ತಿನ ಮುಖ್ಯ ಜವುಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿತು. ಹಾಗಾಗಿ ಇಲ್ಲಿನ ಹಿರಿಯರಿಗೆ ಕಸ ವಿಂಗಡಿಸುವುದು ಬರೀ ಶಿಸ್ತಿನ ಮಾತಲ್ಲ, ತಾವೇ ಮಾಡಿ ಗೆದ್ದ ಕೆಲಸ.

ಸುಡುವ ಕಸ ವಾರಕ್ಕೆ ಎರಡು ದಿನ, ಪ್ಲಾಸ್ಟಿಕ್ ವಾರಕ್ಕೊಮ್ಮೆ, ಸುಡದ ಕಸ ತಿಂಗಳಿಗೊಮ್ಮೆ. ನಗರಾಡಳಿತ ಗೊತ್ತುಪಡಿಸಿದ ಚೀಲದಲ್ಲೇ ಕಟ್ಟಿ ಬೆಳಿಗ್ಗೆ 8 ಗಂಟೆಯೊಳಗೆ ಇಡಬೇಕು. ಹಿಂದಿನ ರಾತ್ರಿ ಇಟ್ಟರೆ ಕಾಗೆಗಳು ಹರಡುತ್ತವೆ. ಪೆಟ್ ಬಾಟಲಿಯ ಮುಚ್ಚಳ ಮತ್ತು ಲೇಬಲ್ ಬೇರೆ ತೆಗೆದು, ತೊಳೆದು, ಅಮುಕಿ ಹಾಕಬೇಕು. ಕರಿದ ಎಣ್ಣೆಯನ್ನು ಸಿಂಕಿಗೆ ಸುರಿಯಬಾರದು. ಅದನ್ನು ಗಟ್ಟಿ ಮಾಡುವ ಪುಡಿ ಅಂಗಡಿಯಲ್ಲಿ ಸಿಗುತ್ತದೆ, ಇಲ್ಲವೇ ಹಳೆಯ ಕಾಗದಕ್ಕೆ ಹೀರಿಸಿ ಸುಡುವ ಕಸಕ್ಕೆ ಹಾಕಬಹುದು. ನಾನು ಬಂದ ಮೂರನೆಯ ವಾರ ಒಡೆದ ಗಾಜಿನ ಲೋಟವನ್ನು ಸುಡುವ ಕಸದಲ್ಲಿ ಸೇರಿಸಿದ್ದೆ. ಚೀಲದ ಮೇಲೆ ಚೀಟಿ ಅಂಟಿಸಿ ಅಲ್ಲಿಯೇ ಬಿಟ್ಟು ಹೋಗಿದ್ದರು. ಸಂಜೆ ಕೆಲಸ ಮುಗಿಸಿ ಬರುವಷ್ಟರಲ್ಲಿ ಕೆಳಮನೆಯ ಅಜ್ಜಿ ಅದನ್ನು ನನ್ನ ಬಾಗಿಲ ಬಳಿ ತಂದಿಟ್ಟು, ಗಾಜನ್ನು ಬೇರೆಯಾಗಿ ಕಾಗದದಲ್ಲಿ ಸುತ್ತಿ, ಚಿತ್ರ ಬಿಡಿಸಿ ವಿವರಿಸಿದ್ದರು. ನಾಚಿಕೆಯಿಂದ ಎರಡು ದಿನ ಅವರ ಮುಖ ನೋಡಲಿಲ್ಲ. ಆಮೇಲೆ ಊರಿನಿಂದ ತಂದಿದ್ದ ಕಾಫಿಪುಡಿಯ ಪೊಟ್ಟಣ ಕೊಟ್ಟು ಮಾತಾಡಿಸಿದೆ. ಈಗಲೂ ಈ ನಗರದಲ್ಲಿ ನನಗೆ ಹತ್ತಿರದವರೆಂದರೆ ಅವರೇ. ಮನೆಗೆ ಹೊಸದಾಗಿ ಬಂದವರು ಅಕ್ಕಪಕ್ಕದವರಿಗೆ ಸಣ್ಣ ಉಡುಗೊರೆ ಕೊಟ್ಟು ಪರಿಚಯ ಹೇಳಿಕೊಳ್ಳುವ ಪದ್ಧತಿ ಇಲ್ಲಿದೆ. ಅದಕ್ಕೆಂದೇ ನಾಲ್ಕು ಸಣ್ಣ ಪೊಟ್ಟಣ ಕಾಫಿಪುಡಿ ಕಳುಹಿಸಿ.

ಮುಗಿಸುವ ಮುನ್ನ ಹಣದ ಒಂದು ಮಾತು. ಇಲ್ಲಿನ ನಿವಾಸಿ ತೆರಿಗೆ ಹಿಂದಿನ ವರ್ಷದ ಆದಾಯದ ಮೇಲೆ, ಸುಮಾರು ಶೇಕಡಾ 10ರಷ್ಟು, ಮರುವರ್ಷದ ಜೂನ್‌ನಿಂದ ಕಡಿತವಾಗುತ್ತದೆ. ಮೊದಲ ವರ್ಷ ಅದು ಇರುವುದಿಲ್ಲವಾದ್ದರಿಂದ ಸಂಬಳ ಹೆಚ್ಚೆಂದು ಅನ್ನಿಸಿ, ಎರಡನೆಯ ವರ್ಷ ಕೈಗೆ ಬರುವ ಹಣ ಇಳಿದಾಗ ಗಾಬರಿಯಾಗುತ್ತದೆ. ಊರಿಗೆ ಕಳುಹಿಸುವ ಲೆಕ್ಕವನ್ನು ಮೊದಲ ವರ್ಷದ ಸಂಬಳ ನೋಡಿ ಹಾಕಬೇಡಿ.

ಕುಶಾಲನಗರದ ಅಡುಗೆಯವ

ನಾನು ನಾಲ್ಕು ವರ್ಷ ಒಸಾಕಾದಲ್ಲಿದ್ದು ಹಿಂದಿರುಗಿದವನು. ಪೆಟ್ಟಿಗೆಯ ವಿಚಾರ ನನಗೆ ಬಿಡಿ.

ಹಂದಿ ಉಪ್ಪಿನಕಾಯಿಯನ್ನು ಇವತ್ತೇ ತೆಗೆದಿಡಿ. ಮಾಂಸದ ಯಾವ ಪದಾರ್ಥವನ್ನೂ, ಬೇಯಿಸಿದ್ದಾಗಲಿ ಒಣಗಿಸಿದ್ದಾಗಲಿ ಉಪ್ಪಿನಕಾಯಿಯಾಗಲಿ, ಸರಕಾರಿ ತಪಾಸಣಾ ಪತ್ರವಿಲ್ಲದೆ ಜಪಾನಿಗೆ ಒಯ್ಯುವಂತಿಲ್ಲ. ನಿಲ್ದಾಣದಲ್ಲಿ ವಾಸನೆ ಹಿಡಿಯುವ ನಾಯಿಗಳಿರುತ್ತವೆ, ದಂಡವೂ ಭಾರಿ. ಹಸಿ ತರಕಾರಿ, ಹಣ್ಣು, ಸೊಪ್ಪು, ಗಿಡ, ಅಕ್ಕಿ ಇವೂ ಬೇಡ. ಕಾಚಂಪುಳಿ, ಪಂದಿಕರಿಯ ಹುರಿದ ಮಸಾಲೆ ಪುಡಿ, ಹುರಿದ ಕಾಫಿಪುಡಿ ಒಯ್ಯಲಿ. ಕಾಚಂಪುಳಿಯ ಬಾಟಲಿಗೆ ಎರಡು ಸುತ್ತು ಪ್ಲಾಸ್ಟಿಕ್ ಸುತ್ತಿ, ಬಟ್ಟೆಯ ನಡುವೆ ಇಡಿ. ಅದು ಸೋರಿದರೆ ಆ ಬಟ್ಟೆಗೆ ಮತ್ತೆ ಬಿಳಿ ಬಣ್ಣವಿಲ್ಲ.

ಮಿಕ್ಸಿ ಬೇಡ. ಜಪಾನಿನ ಮನೆಗಳಿಗೆ ಬರುವುದು 100 ವೋಲ್ಟ್ ವಿದ್ಯುತ್. ನಮ್ಮ 230 ವೋಲ್ಟಿನ ಮಿಕ್ಸಿ ಅಲ್ಲಿ ಮುಲುಗುತ್ತದೆಯೇ ಹೊರತು ತಿರುಗುವುದಿಲ್ಲ. ಅದಕ್ಕೆ ಟ್ರಾನ್ಸ್‌ಫಾರ್ಮರ್ ಹೊತ್ತೊಯ್ಯುವ ಬದಲು ಅಲ್ಲಿಯೇ ಒಂದನ್ನು ಕೊಳ್ಳುವುದು ಲೇಸು. ಕುಕ್ಕರ್ ವಿಷಯದಲ್ಲಿ ಮನೆಯಲ್ಲಿ ಗ್ಯಾಸ್ ಒಲೆಯೋ ಇಂಡಕ್ಷನ್ ಒಲೆಯೋ ಎಂಬುದು ಮುಖ್ಯ. ಹೊಸ ಕಟ್ಟಡಗಳಲ್ಲಿ ಇಂಡಕ್ಷನ್ ಇರುವುದು ಹೆಚ್ಚು, ಅದರ ಮೇಲೆ ಬರೀ ಅಲ್ಯೂಮಿನಿಯಂ ತಳದ ಕುಕ್ಕರ್ ಕಾಯುವುದಿಲ್ಲ.

ಅಡುಗೆಗೆ ಬಂದರೆ, ಕೊಡಗಿನವರಿಗೆ ಜಪಾನ್ ಬೇರೆ ಭಾರತೀಯರಿಗಿಂತ ಸುಲಭ ಎಂಬುದು ನನ್ನ ಅಭಿಪ್ರಾಯ. ಸಸ್ಯಾಹಾರಿಗಳು ಅಲ್ಲಿ ಪಡುವ ಪಾಡು ಬೇರೆ. ತರಕಾರಿ ಸಾರಿನಲ್ಲೂ ಒಣಮೀನಿನ ತಿಳಿ ಇರುತ್ತದೆ. ನಮಗೆ ಆ ತೊಂದರೆಯಿಲ್ಲ. ಹಂದಿಮಾಂಸ ಎಲ್ಲ ಅಂಗಡಿಯಲ್ಲೂ ಸಿಗುತ್ತದೆ. ಕಾಗದದಷ್ಟು ತೆಳುವಾಗಿ ಕತ್ತರಿಸಿಟ್ಟಿರುತ್ತಾರೆ, ಗಟ್ಟಿ ತುಂಡು ಕೇಳಿ ತೆಗೆದುಕೊಳ್ಳಬೇಕು. ತೊಗಲಿನ ಸಮೇತ ಬೇಕೆಂದರೆ ಮಾತ್ರ ಕಷ್ಟ, ಓಕಿನಾವಾದ ಪದಾರ್ಥ ಮಾರುವ ಅಂಗಡಿಗಳನ್ನು ಹುಡುಕಬೇಕು.

ಅಲ್ಲಿನ ಅಕ್ಕಿಯನ್ನು ಅನೇಕರು ಅಂಟು ಎಂದು ದೂರುತ್ತಾರೆ. ಸಾರಿಗೆ ಅದು ಹೊಂದುವುದಿಲ್ಲ ನಿಜ, ಆದರೆ ನಮ್ಮ ಅಕ್ಕಿ ರೊಟ್ಟಿ, ಅಂದರೆ ಒಟ್ಟಿ, ಮಾಡಲು ಅದಕ್ಕಿಂತ ಒಳ್ಳೆಯ ಅನ್ನವಿಲ್ಲ. ರಾತ್ರಿ ಉಳಿದ ಅನ್ನವನ್ನು ಅಕ್ಕಿಹಿಟ್ಟಿನೊಂದಿಗೆ ನಾದಿದರೆ ಅಂಚು ಒಡೆಯದೆ ತಟ್ಟಬಹುದು. ಹಿಟ್ಟು ಕೊಳ್ಳುವಾಗ ಜೋಶಿಂಕೊ ಎಂಬುದನ್ನು ತೆಗೆದುಕೊಳ್ಳಲಿ. ಮೋಚಿಕೊ ಎಂದಿದ್ದರೆ ಅದು ಅಂಟಕ್ಕಿಯ ಹಿಟ್ಟು, ಒಟ್ಟಿ ಕಾವಲಿಯಿಂದ ಏಳುವುದಿಲ್ಲ. ನಾನು ಈ ಪಾಠ ಕಲಿತದ್ದು ಒಂದು ಕಾವಲಿ ಕಳೆದುಕೊಂಡ ಮೇಲೆ.

ಏಪ್ರಿಲ್‌ನಲ್ಲಿ ಹೋಗುತ್ತಾಳೆಂದರೆ ಅದು ಕಣಿಲೆಯ, ಅಂದರೆ ಎಳೆ ಬಿದಿರಿನ ಕಾಲ. ನಮ್ಮಲ್ಲಿ ಕಕ್ಕಡ ತಿಂಗಳ (ಜುಲೈ-ಆಗಸ್ಟ್) ಮಳೆಯಲ್ಲಿ ಬರುವ ಈ ಬೈಂಬಳೆ ಅಲ್ಲಿ ವಸಂತದಲ್ಲಿ ಬರುತ್ತದೆ. ಸಿಪ್ಪೆಯ ಸಮೇತ ಮಾರಿ, ಜೊತೆಗೆ ಅಕ್ಕಿತೌಡಿನ ಪೊಟ್ಟಣ ಕೊಡುತ್ತಾರೆ. ನಾವು ದಿನಗಟ್ಟಲೆ ನೀರಲ್ಲಿ ನೆನೆಸಿ ಕಹಿ ತೆಗೆಯುವಂತೆ ಅವರು ತೌಡಿನ ನೀರಲ್ಲಿ ಬೇಯಿಸಿ ತೆಗೆಯುತ್ತಾರೆ. ಅದೇ ದಿನಗಳಲ್ಲಿ ನಮ್ಮ ತೆರ್ಮೆ ಸೊಪ್ಪಿನ ಹಾಗೆ ಸುರುಳಿ ಸುತ್ತಿದ ಕೊಗೊಮಿ ಎಂಬ ಜರೀಗಿಡದ ಚಿಗುರೂ ಮಾರುಕಟ್ಟೆಗೆ ಬರುತ್ತದೆ. ಅದನ್ನು ಮೊದಲ ಸಲ ಕಂಡ ದಿನ ನಾನು ಅಂಗಡಿಯಲ್ಲಿ ಬಹಳ ಹೊತ್ತು ನಿಂತಿದ್ದೆ.

ನಿವೃತ್ತ ಸುಬೇದಾರ್, ಮಡಿಕೇರಿ

ಒಂದು ಸಣ್ಣ ಮಾತು. ಕೊಡಗಿನವರು ಜಪಾನಿನಲ್ಲಿ ಬದುಕುವುದು ಹೊಸದೇನಲ್ಲ. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಅಲ್ಲಿಗೆ ಹೋದ ಕಾಮನ್‌ವೆಲ್ತ್ ಪಡೆಯಲ್ಲಿ 268ನೇ ಭಾರತೀಯ ಬ್ರಿಗೇಡಿನ ನಾಯಕರಾಗಿದ್ದವರು, ಮುಂದೆ ಜನರಲ್ ಆದ ನಮ್ಮ ತಿಮ್ಮಯ್ಯನವರು. ಬೆಳೆಗಾರ ಮಿತ್ರರು ಕೇಳದೆ ಬಿಟ್ಟ ಪ್ರಶ್ನೆಯನ್ನು ನಾನು ಕೇಳುತ್ತೇನೆ: ಭೂಕಂಪದ ಕಥೆ ಏನು?

ನಾಪೋಕ್ಲು ಬೆಳೆಗಾರ

ಸುಬೇದಾರರೇ, ಕೇಳದೆ ಬಿಟ್ಟದ್ದು ಮರೆತಲ್ಲ. ಹೆಂಡತಿ ಇದನ್ನು ಓದುತ್ತಾಳೆಂದು ಬಿಟ್ಟಿದ್ದೆ. ಈಗ ಬಂದೇಬಿಟ್ಟಿತು, ಗೊತ್ತಿದ್ದವರು ದಯವಿಟ್ಟು ಹೇಳಿ. ಜೊತೆಗೆ ಮಗಳಿಗೆ ಚಳಿಗಾಲದಲ್ಲಿ ಸೈನಸ್ ತೊಂದರೆ ಇದೆ, ಮಾತ್ರೆಗಳನ್ನು ಇಲ್ಲಿಂದ ಕಳುಹಿಸಬಹುದೇ ಎಂಬುದನ್ನೂ ತಿಳಿಸಿ. ಗೋಣಿಕೊಪ್ಪದ ತಂಗಿಗೂ ಕುಶಾಲನಗರದವರಿಗೂ ಧನ್ಯವಾದಗಳು. ಉಪ್ಪಿನಕಾಯಿ ಡಬ್ಬಿ ಪೆಟ್ಟಿಗೆಯಿಂದ ಹೊರಬಂದು ನಿನ್ನೆ ರಾತ್ರಿಯ ಊಟಕ್ಕೆ ತೆರೆಯಲ್ಪಟ್ಟಿದೆ.

ಗೋಣಿಕೊಪ್ಪದವಳು, ಈಗ ನಗೋಯಾ

ಆಂಟಿಯೂ ಓದಲಿ, ಮುಚ್ಚಿಡುವಂಥದ್ದು ಏನೂ ಇಲ್ಲ. ಮನೆ ನೋಡುವಾಗ ಕಟ್ಟಡ 1981ರ ಜೂನ್ ನಂತರದ ನಿಯಮದಂತೆ ಕಟ್ಟಿದ್ದೇ ಎಂದು ಕೇಳಿದರೆ ಅರ್ಧ ಚಿಂತೆ ಕಳೆಯಿತು. ಆ ವರ್ಷ ಭೂಕಂಪ ತಡೆಯುವ ಕಟ್ಟಡ ನಿಯಮ ಬಿಗಿಯಾಯಿತು. ಇಲ್ಲಿ ಕಂಪನದ ಬಲವನ್ನು ಶಿನ್ದೊ ಎಂಬ ಅಳತೆಯಲ್ಲಿ 0ಯಿಂದ 7ರವರೆಗೆ ಹೇಳುತ್ತಾರೆ. 5 ಮತ್ತು 6ನ್ನು ಎರಡೆರಡಾಗಿ ಒಡೆದಿರುವುದರಿಂದ ಒಟ್ಟು ಹತ್ತು ಹಂತ. ಜೋರಾಗಿ ನಡುಗಿದರೆ ಗ್ಯಾಸ್ ಮೀಟರ್ ತಾನೇ ಮುಚ್ಚಿಕೊಳ್ಳುತ್ತದೆ. ಆಮೇಲೆ ಅದರ ಗುಂಡಿ ಒತ್ತಿ ಸುಮಾರು ಮೂರು ನಿಮಿಷ ಕಾದರೆ ಮತ್ತೆ ತೆರೆಯುತ್ತದೆ. ಇದು ಗೊತ್ತಿಲ್ಲದೆ ನಾನೊಮ್ಮೆ ಇಡೀ ದಿನ ಬಿಸಿನೀರಿಲ್ಲದೆ ಇದ್ದೆ.

ಆದರೆ ನಗೋಯಾದಲ್ಲಿ ನೆಲ ನಡುಗುವುದಕ್ಕಿಂತ ನೀರಿನ ಬಗ್ಗೆ ನಾನು ಹೆಚ್ಚು ಎಚ್ಚರವಾಗಿರುತ್ತೇನೆ. 1959ರ ಸೆಪ್ಟೆಂಬರ್ 26ರಂದು ಬಂದ ಇಸೆ ಕೊಲ್ಲಿಯ ಚಂಡಮಾರುತದಲ್ಲಿ ಐದು ಸಾವಿರಕ್ಕೂ ಹೆಚ್ಚು ಜನ ತೀರಿಕೊಂಡರು ಇಲ್ಲವೇ ಕಾಣೆಯಾದರು, ನಗರದ ದಕ್ಷಿಣ ಭಾಗದ ತಗ್ಗು ಪ್ರದೇಶಗಳು ಮುಳುಗಿದ್ದವು. 2018ರ ಆಗಸ್ಟ್‌ನಲ್ಲಿ ನಮ್ಮ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡ ಜಾರಿದ್ದನ್ನು ಕಂಡ ನಮಗೆ, ಮನೆ ಎಲ್ಲಿದೆ ಎಂಬುದು ಎಂಥ ಪ್ರಶ್ನೆಯೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ಬಾಡಿಗೆ ಕರಾರಿಗೆ ಮುಂಚೆ ಪ್ರವಾಹದ ನಕ್ಷೆಯಲ್ಲಿ ಆ ಮನೆ ಎಲ್ಲಿದೆ ಎಂದು ಏಜೆಂಟರು ತೋರಿಸಲೇಬೇಕೆಂಬ ನಿಯಮ 2020ರ ಆಗಸ್ಟ್‌ನಿಂದ ಇದೆ. ಬೇಗ ಬೇಗ ಪುಟ ಮಗುಚಿ ಹೋಗುತ್ತಾರೆ, ನಿಲ್ಲಿಸಿ ನೋಡಬೇಕು.

ಮಾತ್ರೆಗಳ ವಿಷಯದಲ್ಲಿ ಜಾಗ್ರತೆ. ನೆಗಡಿ, ಸೈನಸ್ ಮಾತ್ರೆಗಳಲ್ಲಿ ಸೂಡೋಎಫೆಡ್ರಿನ್ ಅಂಶ ಶೇಕಡಾ 10ಕ್ಕಿಂತ ಹೆಚ್ಚಿದ್ದರೆ ಅದು ಜಪಾನಿನಲ್ಲಿ ನಿಷಿದ್ಧ. ನಮ್ಮಲ್ಲಿ ಸಾಮಾನ್ಯವಾಗಿ ಕೊಡುವ ಮಾತ್ರೆಯೇ ಅಲ್ಲಿ ಅಪರಾಧವಾಗಬಹುದು. ವೈದ್ಯರು ಬರೆದುಕೊಟ್ಟ ಬೇರೆ ಔಷಧಗಳನ್ನೂ ಒಂದು ತಿಂಗಳಿಗಾಗುವಷ್ಟು ಮಾತ್ರ, ಚೀಟಿಯೊಂದಿಗೆ ಒಯ್ಯಬೇಕು. ಇಲ್ಲಿ ಕಂಪನಿಯ ಆರೋಗ್ಯ ವಿಮೆಯಿರುತ್ತದೆ, ಖರ್ಚಿನ ಶೇಕಡಾ 30ರಷ್ಟನ್ನು ನಾವು ಕೊಟ್ಟರೆ ಸಾಕು. ಮೂಗಿನ ತೊಂದರೆಗೆ ಬೀದಿಯ ಸಣ್ಣ ಕ್ಲಿನಿಕ್ಕಿಗೇ ಹೋಗಬೇಕು. ಶಿಫಾರಸು ಪತ್ರವಿಲ್ಲದೆ ನೇರವಾಗಿ ದೊಡ್ಡ ಆಸ್ಪತ್ರೆಗೆ ಹೋದರೆ ಕನಿಷ್ಠ 7,000 ಯೆನ್ ಹೆಚ್ಚುವರಿ ಕೊಡಬೇಕಾಗುತ್ತದೆ. ಆಂಬುಲೆನ್ಸಿಗೆ 119, ಅದಕ್ಕೆ ಹಣವಿಲ್ಲ.

ಚಳಿಗಿಂತ ಬೇಸಿಗೆಗೆ ಸಿದ್ಧಳಾಗಲಿ. 2018ರ ಆಗಸ್ಟ್ 3ರಂದು ಇಲ್ಲಿ 40.3 ಡಿಗ್ರಿ ಸೆಲ್ಸಿಯಸ್ ದಾಖಲಾಯಿತು. ದಿನಾಂಕ ನೋಡಿ, ಕಕ್ಕಡ 18. ಊರಿನಲ್ಲಿ ಮದ್ದುಸೊಪ್ಪಿನ ಪಾಯಸ ಕುಡಿದು ಕಂಬಳಿ ಹೊದೆಯುವ ದಿನ.

ಸೋಮವಾರಪೇಟೆಯವನು, ಈಗ ಕಾವಾಸಾಕಿ

ಮೇಲಿನವರು ಹೇಳಿದ್ದೆಲ್ಲ ಸರಿ, ಆದರೆ ಚಿತ್ರ ಸ್ವಲ್ಪ ಹೆಚ್ಚು ಹಸಿರಾಯಿತು ಎನ್ನಿಸಿತು. ಮನೆ ಹುಡುಕುವಾಗ ಏಜೆಂಟ್ ನನ್ನ ಎದುರಿನಲ್ಲೇ ಮಾಲೀಕರಿಗೆ ಫೋನ್ ಮಾಡಿ, "ವಿದೇಶಿ, ಭಾರತೀಯ, ಭಾಷೆ ಬರುತ್ತದೆ" ಎಂದು ವಿನಯದಿಂದ ಹೇಳಿ, ಫೋನ್ ಇಟ್ಟು, ಅಷ್ಟೇ ವಿನಯದಿಂದ "ಆಗುವುದಿಲ್ಲವಂತೆ" ಎಂದಿದ್ದಾರೆ. ಒಂದೇ ಮಧ್ಯಾಹ್ನ ಐದು ಸಲ. ಬೈದಿದ್ದರೆ ತಿರುಗಿ ಬೈಯಬಹುದಿತ್ತು, ತಲೆಬಾಗಿಸಿ ಹೇಳಿದರೆ ಏನು ಮಾಡುವುದು? ಸಿಕ್ಕ ಮನೆಗೂ ಠೇವಣಿ, ಮಾಲೀಕರಿಗೆ ಹಿಂದಿರುಗದ ಕಾಣಿಕೆ ಹಣ, ಏಜೆಂಟರ ಶುಲ್ಕ, ಜಾಮೀನು ಕಂಪನಿಯ ಶುಲ್ಕ, ವಿಮೆ ಎಂದು ನಾಲ್ಕೈದು ತಿಂಗಳ ಬಾಡಿಗೆಯಷ್ಟು ಹಣ ಮೊದಲೇ ಕೈಬಿಟ್ಟಿತು. ಒಳಗೆ ಹೋದರೆ ದೀಪವಿಲ್ಲ, ಪರದೆಯಿಲ್ಲ, ಒಲೆಯೂ ಇಲ್ಲ.

ಅದಕ್ಕೆ ನನ್ನ ಸಲಹೆ: ಯುಆರ್ ಎಂಬ ಅರೆಸರಕಾರಿ ಸಂಸ್ಥೆಯ ಬಾಡಿಗೆ ಮನೆಗಳನ್ನು ಮೊದಲು ನೋಡಲಿ. ಅಲ್ಲಿ ಕಾಣಿಕೆ ಹಣವಿಲ್ಲ, ಏಜೆಂಟರ ಶುಲ್ಕವಿಲ್ಲ, ಜಾಮೀನುದಾರರು ಬೇಕಾಗಿಲ್ಲ, ನಿವಾಸಿ ಕಾರ್ಡ್ ಮತ್ತು ಸಂಬಳದ ಪತ್ರವಿದ್ದರೆ ವಿದೇಶಿಯರಿಗೂ ಕೊಡುತ್ತಾರೆ. ಕಟ್ಟಡಗಳು ಕೆಲವು ಹಳೆಯವು. ಆದರೆ ನಿಮ್ಮ ಮಗಳು ಐನ್‌ಮನೆಯ (ಕುಲದ ಹಳೆಯ ಮನೆಯ) ಹುಡುಗಿಯಾದ್ದರಿಂದ ಹಳೆಯ ಮನೆಗೆ ಹೆದರಲಾರಳು.

ಒಂಟಿತನ ಎರಡನೆಯ ವರ್ಷ ಬರುತ್ತದೆ. ಮೊದಲ ವರ್ಷ ಎಲ್ಲ ಹೊಸತು. ಆಮೇಲೆ, ತುಂಬಿದ ರೈಲಿನಲ್ಲೂ ಪಕ್ಕದ ಸೀಟು ಖಾಲಿಯಿರುವುದು ಕಣ್ಣಿಗೆ ಬೀಳತೊಡಗುತ್ತದೆ. ಸಂಬಳಸಹಿತ ರಜೆ ಸಿಗುವುದು ಆರು ತಿಂಗಳ ನಂತರ, ವರ್ಷಕ್ಕೆ 10 ದಿನದಿಂದ ಆರಂಭ. ಸೆಪ್ಟೆಂಬರ್‌ನ ಮೊದಲ ಕೈಲ್‌ಪೊಳ್ದ್ ಹಬ್ಬಕ್ಕೆ ಬರುವ ಮಾತೇ ಇಲ್ಲ, ಸುಗ್ಗಿಯ ಹುತ್ತರಿ ಹಬ್ಬಕ್ಕೂ ರಜೆ ಕೇಳಿ ಪಡೆಯಬೇಕು. ಡಿಸೆಂಬರ್ ಕೊನೆಯಿಂದ ಜನವರಿ 3ರವರೆಗೆ ಎಲ್ಲರಿಗೂ ರಜೆ. ನಮ್ಮಲ್ಲಿ ಆಗ ಅರೇಬಿಕಾ ಕೊಯ್ಲು ನಡೆಯುತ್ತಿರುತ್ತದೆ. ಆ ಲೆಕ್ಕದಲ್ಲಿ ಟಿಕೆಟ್ ನೋಡಿಡಿ. ಮತ್ತೊಂದು, ಅಲ್ಲಿನ ಸಮಯ ನಮಗಿಂತ ಮೂರೂವರೆ ಗಂಟೆ ಮುಂದೆ. ನೀವು ರಾತ್ರಿ ಊಟ ಮುಗಿಸಿ ಒಂಬತ್ತಕ್ಕೆ ಫೋನ್ ಮಾಡಿದರೆ ಅಲ್ಲಿ ಹನ್ನೆರಡೂವರೆ.

ಗೋಣಿಕೊಪ್ಪದವಳು, ಈಗ ನಗೋಯಾ

ಸೋಮವಾರಪೇಟೆಯ ಅಣ್ಣ ಹೇಳಿದ ಮನೆಯ ಅನುಭವ ನನಗೂ ಆಗಿದೆ, ಬರೆಯದೆ ಬಿಟ್ಟದ್ದು ತಪ್ಪು. ಒಂಟಿತನಕ್ಕೆ ನಾನು ಕಂಡುಕೊಂಡದ್ದು ಭಾನುವಾರದ ಬೆಳಗು. ಈ ಪ್ರಾಂತ್ಯದ ಹಳೆಯ ಕಾಫಿ ಅಂಗಡಿಗಳಲ್ಲಿ ಬೆಳಿಗ್ಗೆ ಕಾಫಿ ಕೇಳಿದರೆ ಅದೇ ಬೆಲೆಗೆ ದಪ್ಪ ಬ್ರೆಡ್ಡಿನ ತುಂಡು ಮತ್ತು ಬೇಯಿಸಿದ ಮೊಟ್ಟೆ ಕೊಡುತ್ತಾರೆ. ಇದಕ್ಕೆ "ಮಾರ್ನಿಂಗ್" ಎಂದೇ ಹೆಸರು. ಬೀದಿಯ ಮುದುಕರೆಲ್ಲ ದಿನಪತ್ರಿಕೆ ಹಿಡಿದು ಅಲ್ಲಿಯೇ ಕುಳಿತಿರುತ್ತಾರೆ, ನಾಲ್ಕನೆಯ ವಾರ ಅವರೇ ಮಾತಾಡಿಸುತ್ತಾರೆ. ನಮ್ಮ ತೋಟದಲ್ಲಿ ಕಾಫಿ ಬೆಳೆಯುತ್ತೇವೆ ಎಂದರೆ ಸಾಕು, ಮಾತು ಮಧ್ಯಾಹ್ನದವರೆಗೆ ನಿಲ್ಲುವುದಿಲ್ಲ. ಅಂಕಲ್, ತೋಟದಲ್ಲಿ ಹೂ ಬಂದಾಗಿನ ನಾಲ್ಕು ಫೋಟೋ ಅವಳ ಫೋನಿನಲ್ಲಿ ಹಾಕಿಕೊಡಿ. ಬಂದ ಮೇಲೆ ನನ್ನನ್ನು ಇಲ್ಲಿಯೇ ಖಾಸಗಿ ಸಂದೇಶದಲ್ಲಿ ಹುಡುಕಲಿ.

ನಾಪೋಕ್ಲು ಬೆಳೆಗಾರ

ಎಲ್ಲವನ್ನೂ ಅಮ್ಮನಿಗೂ ಮಗಳಿಗೂ ಓದಿ ಹೇಳಿದ್ದಾಯಿತು. ಮಿಕ್ಸಿ ತೆಗೆದಿದ್ದೇವೆ, ಸೈನಸ್ ಮಾತ್ರೆಗಳನ್ನು ಔಷಧ ಅಂಗಡಿಯವರಿಗೆ ತೋರಿಸಿದಾಗ ಎರಡರಲ್ಲಿ ಒಂದು ನಿಷಿದ್ಧವಾದದ್ದೇ ಎಂದು ತಿಳಿಯಿತು. ಹೂಮಳೆ ಬಿದ್ದು ತೋಟ ಬೆಳ್ಳಗಾಗಿದೆ, ಫೋಟೋ ನಿನ್ನೆಯೇ ತೆಗೆದೆವು. ಉಳಿದದ್ದು ಕುಕ್ಕರ್ ಮಾತ್ರ. ಎರಡರಲ್ಲಿ ಯಾವುದು ಇಂಡಕ್ಷನ್ ಒಲೆಗೆ ಆಗುತ್ತದೆಂದು ತಿಳಿಯುವುದು ಹೇಗೆ? ಮೇಲೆ ಬರೆದಿದ್ದ ಅಕ್ಷರಗಳು ಉಜ್ಜಿ ಉಜ್ಜಿ ಅಳಿಸಿಹೋಗಿವೆ.

ಕುಶಾಲನಗರದ ಅಡುಗೆಯವ

ತಳಕ್ಕೆ ಅಯಸ್ಕಾಂತ ಹಿಡಿದು ನೋಡಿ. ಗಟ್ಟಿಯಾಗಿ ಅಂಟಿದರೆ ಅದನ್ನು ಕಳುಹಿಸಿ.

ನಾಪೋಕ್ಲು ಬೆಳೆಗಾರ

ಸಣ್ಣದಕ್ಕೆ ಅಂಟಿತು. ದೊಡ್ಡದು ನಮ್ಮ ಮನೆಯಲ್ಲೇ ಉಳಿಯುತ್ತದೆ.